ಪಪ್ಪನ ಹೆಸರಿನ ವಂತಿಗೆ

ಪಪ್ಪ ತೀರಿಕೊಂಡು ಮೂರು ವಾರವಾಗಿತ್ತು. ಪೆನ್ಶನ್ ಕಾಗದ, ಎಲ್‌ಐಸಿ ಬಾಂಡು, ಆಧಾರ್ ಕಾರ್ಡಿನ ಪ್ರತಿ ಎಲ್ಲವನ್ನೂ ಒಟ್ಟು ಮಾಡಬೇಕಿತ್ತು. ಅಮ್ಮನ ಕಪಾಟಿನ ಕೆಳಗಿನ ಹಲಗೆಯಲ್ಲಿದ್ದ ಹಳೆಯ ಬಿಸ್ಕತ್ತಿನ ಡಬ್ಬ ತೆರೆದಾಗ ರಬ್ಬರ್ ಬ್ಯಾಂಡ್ ಹಾಕಿದ ರಶೀದಿಗಳ ಕಟ್ಟೊಂದು ಸಿಕ್ಕಿತು. ನಮ್ಮ ಸಭೆಯ ವಂತಿಗೆ ರಶೀದಿಗಳು. ಮೊದಮೊದಲು ತಿಂಗಳಿಗೆ 30 ರೂಪಾಯಿ, ಆಮೇಲೆ 50. ಹೆಸರಿನ ಜಾಗದಲ್ಲಿ ಪಪ್ಪನ ಹೆಸರು. 2015ರ ಜುಲೈಯಿಂದ 2023ರ ಡಿಸೆಂಬರ್‌ವರೆಗೆ ಒಂದು ತಿಂಗಳೂ ತಪ್ಪಿರಲಿಲ್ಲ. 2020ರ ಲಾಕ್‌ಡೌನಿನ ತಿಂಗಳುಗಳಿಗೆ ಮಾತ್ರ ಒಟ್ಟಿಗೆ ಒಂದೇ ರಶೀದಿ.

2015ರ ಜೂನ್ ತಿಂಗಳ ಒಂದು ಭಾನುವಾರದ ಮೇಲೆ ಪಪ್ಪ ನಮ್ಮ ಚರ್ಚಿನ ಮೆಟ್ಟಿಲು ಹತ್ತಿದವರೇ ಅಲ್ಲ.

"ಅಮ್ಮಾ, ಇದೆಂತ?" ಎಂದು ಕೇಳಿದೆ.

ಅಮ್ಮ ಮೀನು ಕೊಯ್ಯುತ್ತಿದ್ದಳು. ತಲೆ ಎತ್ತಿ ನೋಡಿ ಮತ್ತೆ ತಗ್ಗಿಸಿದಳು. "ಹೆಸರು ಕಡಿದು ಹೋಗಬಾರದಲ್ಲ" ಎಂದಳು.

ಕರಾವಳಿಯ ಪ್ರೊಟೆಸ್ಟೆಂಟ್ ಸಭೆಗಳನ್ನು ಹತ್ತಿರದಿಂದ ಕಂಡವರಿಗೆ ಈ ಮಾತಿನ ಅರ್ಥ ಗೊತ್ತು. ಕನ್ಫರ್ಮೇಶನ್ ಆದ ಪ್ರತಿಯೊಬ್ಬರೂ ನಮ್ಮ ಸಭೆಗೆ ತಿಂಗಳ ವಂತಿಗೆ ಕೊಡಬೇಕು. ಬಾಕಿ ಬಿದ್ದರೆ ಮೊದಲು ಮತದಾರರ ಪಟ್ಟಿಯಿಂದ ಹೆಸರು ಹೋಗುತ್ತದೆ. ಆಮೇಲೆ ಮದುವೆ ಎಂದೋ ಸಾವು ಎಂದೋ ಬಂದಾಗ ಪುಸ್ತಕ ತೆರೆದು ಬಾಕಿಯ ಲೆಕ್ಕ ಓದುವವರು ಇರುತ್ತಾರೆ. ಹೆಣ ಮನೆಯಲ್ಲಿಟ್ಟುಕೊಂಡು ಬಾಕಿ ಕಟ್ಟಲು ಓಡಿದ ಒಂದು ಕುಟುಂಬವನ್ನು ಅಮ್ಮ ಕಣ್ಣಾರೆ ಕಂಡಿದ್ದಾಳೆ. ಹಾಗಾಗಿ ಆ ರಶೀದಿಗಳನ್ನು ಮುಂದಾಲೋಚನೆ ಎಂದುಕೊಂಡು ಬದಿಗಿಡಬಹುದಿತ್ತು. ಆದರೆ ಚರ್ಚು ಏಕೆ ಬೇಕು ಎಂದು ಪಪ್ಪ ಎತ್ತಿದ್ದ ಪ್ರಶ್ನೆಯಲ್ಲಿ ನಾನು ಒಂಬತ್ತು ವರ್ಷ ಅವರ ಪಕ್ಷದಲ್ಲಿದ್ದವಳು. ರಶೀದಿಗಳನ್ನು ಕೈಯಲ್ಲಿ ಹಿಡಿದಾಗ ಮೊದಲ ಸಲ ನನ್ನ ಪಕ್ಷ ಅಲ್ಲಾಡಿತು.

ಜಗಳ ಆದದ್ದು ಚರ್ಚಿನ ಮಾಡಿಗಾಗಿ. ಮುರಕಲ್ಲಿನ ಗೋಡೆ, ಹಂಚಿನ ಮಾಡು ಇರುವ ಹಳೆಯ ಕಟ್ಟಡ ನಮ್ಮದು. ಪ್ರತಿ ಮಳೆಗಾಲಕ್ಕೂ ಎಲ್ಲಿಯಾದರೂ ಸೋರುತ್ತದೆ. ಹಂಚು ತೆಗೆದು ತಗಡು ಹೊದಿಸುವುದೆಂದು ಕಮಿಟಿ ತೀರ್ಮಾನಿಸಿತು. ಪಪ್ಪ ಕಮಿಟಿಯಲ್ಲಿದ್ದರು. ಅವರ ಅಜ್ಜ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಕಲಸಿದವರು, ಹಾಗಾಗಿ ಹಂಚಿನ ಮೇಲೆ ಕೈಯಿಟ್ಟರೆ ಪಪ್ಪನಿಗೆ ಮೈಮೇಲೆ ಕೈಯಿಟ್ಟ ಹಾಗೆ. ಅವರು ತಗಡಿನ ಕೊಟೇಶನ್ ಕೇಳಿದರು, ಇಳಿಸಿದ ಹಂಚು ಮಾರಿದ ದುಡ್ಡಿನ ಲೆಕ್ಕ ಕೇಳಿದರು. ಖಜಾಂಚಿ, "ನಾನು ಕಳ್ಳ ಅಂತಲಾ ನೀವು ಹೇಳುವುದು?" ಎಂದರು. ಪಪ್ಪ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಡ್ರಿಲ್ ಮಾಸ್ಟರ್ ಆಗಿದ್ದವರು, ದನಿ ತಗ್ಗಿಸುವ ಅಭ್ಯಾಸವೇ ಇರಲಿಲ್ಲ. ಆಡಬಾರದ ಮಾತು ಎರಡೂ ಕಡೆಯಿಂದ ಬಂತು. ಪಪ್ಪ ಎದ್ದು ಬಂದರು. ಆರು ತಿಂಗಳ ಮೇಲೆ ಲೆಕ್ಕಪರಿಶೋಧನೆ ಆದಾಗ ಲೆಕ್ಕ ಸರಿಯಾಗಿಯೇ ಇತ್ತಂತೆ, ಒಂದು ಬಿಲ್ಲು ಬರುವುದು ತಡವಾಗಿತ್ತು ಅಷ್ಟೆ. ಅದನ್ನು ಮನೆಗೆ ಬಂದು ಹೇಳುವ ಸೌಜನ್ಯ ಅವರಿಗಿರಲಿಲ್ಲ, ಹೋಗಿ ಕೇಳುವ ಮನಸ್ಸು ಇವರಿಗಿರಲಿಲ್ಲ.

ಆಮೇಲೆ ಪಪ್ಪನ ಭಾನುವಾರಗಳು ಮನೆಯ ಚಾವಡಿಯಲ್ಲೇ ನಡೆದವು. ಅಮ್ಮ ಸೀರೆ ಉಟ್ಟು, ಬೈಬಲು ಮತ್ತು ಸಂಗೀತ ಪುಸ್ತಕ ಇದ್ದ ಚೀಲ ಹಿಡಿದು ಹೊರಡುತ್ತಿದ್ದಳು. ಚರ್ಚಿನ ಗಂಟೆ ಕೇಳಿದ ಕೂಡಲೇ ಪಪ್ಪ ಅಂಗಿ ತೊಟ್ಟು, ಆರಾಮ ಕುರ್ಚಿ ಬಿಟ್ಟು, ಮರದ ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಿದ್ದರು. ಒಂದು ಅಧ್ಯಾಯ ಓದುತ್ತಿದ್ದರು. ಪ್ರಾರ್ಥನೆ ಮಾಡುತ್ತಿದ್ದರು. ಕೊನೆಗೆ ಒಂದು ಕೀರ್ತನೆ ಹಾಡುತ್ತಿದ್ದರು.

ಆ ಹಾಡಿನ ಬಗ್ಗೆ ಹೇಳಬೇಕು. ಬಾಸೆಲ್ ಮಿಶನ್ನಿನ ಸಭೆಗಳಲ್ಲಿ ಕೀರ್ತನೆಗಳನ್ನು ನಾಲ್ಕು ಸ್ವರಗಳಲ್ಲಿ ಹಾಡುವ ರೂಢಿ ಉಂಟು. ಎಷ್ಟೋ ರಾಗಗಳು ಜರ್ಮನಿಯಿಂದ ಬಂದವು, ಮಾತು ಕನ್ನಡದ್ದು. ಪಪ್ಪ ಇಪ್ಪತ್ತು ವರ್ಷ ಕಾಯರಿನಲ್ಲಿ ಬೇಸ್ ಹಾಡಿದವರು. ಅವರಿಗೆ ಯಾವ ಕೀರ್ತನೆಯದ್ದೂ ಮೇಲಿನ ರಾಗ ಬರುತ್ತಿರಲಿಲ್ಲ, ಗೊತ್ತಿದ್ದದ್ದು ಬೇಸ್ ಮಾತ್ರ. ಮನೆಯಲ್ಲಿ ಒಬ್ಬರೇ ಕೂತು ಅದನ್ನೇ ಹಾಡುತ್ತಿದ್ದರು. ಕೇಳಿದವರಿಗೆ ಅದು ಯಾವ ಹಾಡು ಎಂದು ಗುರುತು ಸಿಗುತ್ತಿರಲಿಲ್ಲ. ಒಂದೇ ಕಡೆ ನಿಂತು ನಿಂತು, ಒಂದು ಮೆಟ್ಟಿಲು ಇಳಿದು, ಮತ್ತೆ ಹತ್ತಿ, ಮತ್ತೆ ನಿಲ್ಲುವ ದನಿ. ರಜೆಗೆ ಬಂದಾಗ ಅಡುಗೆಮನೆಯಿಂದ ಕೇಳಿಸಿಕೊಂಡು ನಾನು ನಗುತ್ತಿದ್ದೆ. ಅದರಲ್ಲಿ ಯೋಚಿಸುವಂಥದ್ದೇನೋ ಇದೆ ಎಂದು ಆಗ ಅನಿಸಿರಲಿಲ್ಲ.

"ದೇವರಿಗೆ ಚರ್ಚು ಬೇಕಾ?" ಎಂದು ಪಪ್ಪ ಕೇಳುತ್ತಿದ್ದರು. ಅವರ ವಾದ ಗಟ್ಟಿಯಾಗಿಯೇ ಇತ್ತು. ಯೇಸು ಪ್ರಾರ್ಥನೆ ಮಾಡಲು ಒಬ್ಬನೇ ಬೆಟ್ಟಕ್ಕೆ ಹೋಗುತ್ತಿದ್ದ. ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸಿ ಎಂದು ಶಿಷ್ಯರಿಗೂ ಹೇಳಿದ. ಚರ್ಚಿನಲ್ಲಿ ಈಗ ಇರುವುದೆಂತ? ಚುನಾವಣೆ, ಗುಂಪು, ಏಲಂ, ಯಾರ ಮಗಳಿಗೆ ಎಲ್ಲಿ ಸಂಬಂಧ ಎಂಬ ಸುದ್ದಿ. ಭಕ್ತಿ ಮಾಡುವವನಿಗೆ ಅದೆಲ್ಲ ಏಕೆ? ಅಮ್ಮ ವಾದಕ್ಕೆ ಇಳಿಯುತ್ತಿರಲಿಲ್ಲ. ಒಮ್ಮೆ ಮಾತ್ರ, "ಬೆಟ್ಟಕ್ಕೆ ಹೋದವ ಕೆಳಗೆ ಇಳಿದು ಬರ್ತಿದ್ದ. ಸಬ್ಬತ್ ದಿನ ಸಭಾಮಂದಿರಕ್ಕೂ ಹೋಗ್ತಿದ್ದ. ಲೂಕನಲ್ಲಿ ಉಂಟು, ಓದಿ" ಎಂದು ಹೇಳಿ ಚೀಲ ಹಿಡಿದು ಹೊರಟಳು.

ನನಗೆ ಪಪ್ಪನ ಮಾತೇ ಸರಿ ಎನಿಸಿತ್ತು. ಆಗ ನಾನು ಪದವಿಗೆ ಪರ ಊರಿನ ಹಾಸ್ಟೆಲ್ ಸೇರಿದ್ದೆ. ಭಾನುವಾರ ಹತ್ತು ಗಂಟೆವರೆಗೆ ಮಲಗಲು ಒಂದು ಸಿದ್ಧಾಂತ ಬೇಕಿತ್ತು, ಪಪ್ಪ ಒದಗಿಸಿದ್ದರು. ನಂಬಿಕೆ ಖಾಸಗಿ ವಿಷಯ ಎಂಬ ಮಾತು ವಿಶ್ವವಿದ್ಯಾಲಯದ ಕ್ಯಾಂಟೀನಿನಲ್ಲಿ ಚೆನ್ನಾಗಿ ಓಡುವ ನಾಣ್ಯವೂ ಹೌದು.

ಹೀಗಿದ್ದವಳು ಪಿಎಚ್‌ಡಿಗೆ ಆರಿಸಿಕೊಂಡದ್ದು ಬಾಸೆಲ್ ಮಿಶನ್ನಿನ ಸಭೆಗಳ ಚರಿತ್ರೆಯನ್ನೇ. "ಇದು ಸಂಶೋಧನೆಯೋ ಜಗಳವೋ?" ಎಂದು ನನ್ನ ಗೈಡ್ ಮೊದಲ ವರ್ಷವೇ ಕೇಳಿದ್ದರು. ಎರಡೂ ಇರಬಹುದು.

ಮಿಶನ್ನಿನ ಹೊರಗಿನ ಕತೆ ಎಲ್ಲರಿಗೂ ತಿಳಿದದ್ದೇ. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬಂದಿಳಿದರು. 1843ರಲ್ಲಿ ಮೋಗ್ಲಿಂಗ್ 'ಮಂಗಳೂರ ಸಮಾಚಾರ' ಹೊರಡಿಸಿದರು. 1847ರಲ್ಲಿ ತುಳುವಿನಲ್ಲಿ ಹೊಸ ಒಡಂಬಡಿಕೆ ಅಚ್ಚಾಯಿತು. 1894ರಲ್ಲಿ ಕಿಟ್ಟೆಲರ ನಿಘಂಟು ಬಂತು. ನಾನು ನೋಡಲು ಹೊರಟದ್ದು ಇವರ ಕಡೆಯಿಂದಲ್ಲ, ದೀಕ್ಷಾಸ್ನಾನ ಪಡೆದವರ ಕಡೆಯಿಂದ. ತುಳುನಾಡಿನಲ್ಲಿ ಅವರಲ್ಲಿ ಹೆಚ್ಚಿನವರು ಬಿಲ್ಲವರು. ಒಬ್ಬ ಹುಡುಗ ಹೊಸ ಮತಕ್ಕೆ ಸೇರಿದ ದಿನ ಏನೇನು ಕಳೆದುಕೊಳ್ಳುತ್ತಿದ್ದ ಎಂದು ಲೆಕ್ಕ ಹಾಕಿ ನೋಡಿ. ಅಳಿಯಸಂತಾನದ ಕುಟುಂಬದ ಮನೆ ಹೋಯಿತು. ಧರ್ಮ ಬದಲಿಸಿದವರ ಆಸ್ತಿ ಹಕ್ಕು ಹೋಗಬಾರದೆಂದು 1850ರಲ್ಲಿ ಕಾನೂನು ಬಂತು ನಿಜ, ಆದರೆ ಕಾನೂನಿನ ಕಾಗದ ಹಿಡಿದುಕೊಂಡು ಕೂಡುಕುಟುಂಬದ ಪಂಕ್ತಿಯಲ್ಲಿ ಊಟಕ್ಕೆ ಕೂರಲು ಆಗುವುದಿಲ್ಲ. ಮೂರ್ತೆಯ ಕಸುಬೂ ಹೋಯಿತು, ಏಕೆಂದರೆ ಕಳ್ಳು ಇಳಿಸುವುದನ್ನು ಮಿಶನ್ ಒಪ್ಪುತ್ತಿರಲಿಲ್ಲ. ಭೂತದ ಕೋಲಕ್ಕೆ ಹೋಗುವಂತಿಲ್ಲ, ಹಾಗಾಗಿ ಊರಿನ ಜೊತೆ ಸೇರುವ ರಾತ್ರಿಗಳೂ ಹೋದವು. ಹೆಣ್ಣು ಕೊಡುವವರಿಲ್ಲ. ಸತ್ತರೆ ಹೊರುವವರಿಲ್ಲ.

ಇಷ್ಟನ್ನೂ ಕಳೆದುಕೊಂಡವನಿಗೆ ದೇವರೊಬ್ಬನೇ ಸಾಕು ಎಂದು ಯಾರೂ ಹೇಳಲಿಲ್ಲ. ಹೇಳಿದ್ದರೆ ಅವನು ಎರಡನೇ ದಿನವೇ ಹಿಂದಕ್ಕೆ ಹೋಗುತ್ತಿದ್ದ. ಅವನಿಗೆ ಉಣ್ಣಲು ಜೊತೆ ಬೇಕಿತ್ತು, ಕೈಗೆ ಕೆಲಸ ಬೇಕಿತ್ತು, ಮದುವೆಗೆ ಸಾಕ್ಷಿ ಬೇಕಿತ್ತು, ಗುಂಡಿ ತೋಡಲು ನಾಲ್ಕು ಜನ ಬೇಕಿತ್ತು. ನೇಯ್ಗೆಯ ಮಗ್ಗಗಳು ಬಂದದ್ದು, 1865ರಲ್ಲಿ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು ಈ ಅಗತ್ಯದಿಂದಲೂ ಹೌದು. ಮೊದಲ ಮಹಾಯುದ್ಧದ ಕಾಲಕ್ಕೆ ಜರ್ಮನ್ ಮಿಶನರಿಗಳನ್ನು ಬ್ರಿಟಿಷರು ಬಂಧಿಸಿ ಹೊರಗೆ ಕಳಿಸಿದರು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಬಿಳಿಯರೂ ಹೋಗಿ, ಕಾರ್ಖಾನೆಯ ಒಡೆತನವೂ ಹೋದ ಮೇಲೆ ಉಳಿದದ್ದು ಸಭೆ. ಉಳಿಸಿದವರು ತಿಂಗಳಿಗೆ ಆಣೆ ಲೆಕ್ಕದಲ್ಲಿ ವಂತಿಗೆ ಕೊಟ್ಟ ಬಡವರು.

ನಾವು ಇವತ್ತು ಸಲೀಸಾಗಿ 'ಚರ್ಚು' ಎನ್ನುತ್ತೇವೆ. ನನ್ನ ಅಜ್ಜಿಗೆ ಆ ಪದ ಬಾಯಿಗೆ ಬರುತ್ತಿರಲಿಲ್ಲ. ಕಟ್ಟಡಕ್ಕೆ ಅವಳು ದೇವಾಲಯ ಎನ್ನುತ್ತಿದ್ದಳು, ಜನಕ್ಕೆ ಸಭೆ ಎನ್ನುತ್ತಿದ್ದಳು. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿರುವ 'ಎಕ್ಲೇಸಿಯಾ' ಎಂಬ ಪದಕ್ಕೆ ಕರೆ ಕೇಳಿ ಬಂದು ನೆರೆದ ಜನ ಎಂದು ಅರ್ಥ. ಊರಿನ ಪೌರರ ಕೂಟಕ್ಕೂ ಗ್ರೀಕರು ಅದೇ ಪದ ಬಳಸುತ್ತಿದ್ದರು. ಕನ್ನಡದ ಅನುವಾದಕರು ಅದಕ್ಕೆ ಆರಿಸಿದ್ದು 'ಸಭೆ'. ಪಂಚಾಯತಿಗೂ ರೈತರ ಕೂಟಕ್ಕೂ ಬಳಸುವ ಮಾಮೂಲಿ ಪದ. ನಮ್ಮ ಕರಾವಳಿಯ ಕ್ಯಾಥೊಲಿಕರು ಹೇಳುವ 'ಇಗರ್ಜಿ' ಪೋರ್ಚುಗೀಸಿನಿಂದ ಬಂದದ್ದು, ಅದರ ಬೇರೂ ಅದೇ ಎಕ್ಲೇಸಿಯಾ. ಅಂದರೆ ನಮ್ಮ ಕಡೆಯ ಎರಡು ಪದಗಳೂ ಗೋಡೆಯನ್ನಲ್ಲ, ಒಟ್ಟು ಸೇರುವುದನ್ನು ಹೇಳುತ್ತವೆ. ಈ ಟಿಪ್ಪಣಿಯನ್ನು ನನ್ನ ಎರಡನೇ ಅಧ್ಯಾಯಕ್ಕೆ ಬರೆದುಕೊಂಡ ದಿನ ಬಹಳ ಸಂತೋಷಪಟ್ಟಿದ್ದೆ. ಆದರೆ ಆ ಭಾನುವಾರವೂ ಮಲಗಿಯೇ ಇದ್ದೆ.

ಸಭೆಯನ್ನು ಹೊಗಳಿ ಮುಗಿಸುವಂತಿಲ್ಲ ಎಂಬುದನ್ನೂ ಅದೇ ಕಡತಗಳು ಕಲಿಸಿದವು. ಆಸರೆ ಕೊಟ್ಟ ಸಭೆಯೇ ಕಾವಲೂ ಕಾಯುತ್ತಿತ್ತು. ಕುಡಿದವನು, ಕೋಲ ನೋಡಲು ಹೋದವಳು, ಹೆಂಡತಿಯ ಮೇಲೆ ಕೈಮಾಡಿದವನು, ಸಾಲ ತೀರಿಸದವನು ಎಲ್ಲರೂ ಸಭಾ ಹಿರಿಯರ ಮುಂದೆ ನಿಲ್ಲಬೇಕಿತ್ತು. ತಪ್ಪಿಗೆ ತಕ್ಕಂತೆ ಇಷ್ಟು ಕಾಲ ಕರ್ತನ ಭೋಜನದಿಂದ ಹೊರಗೆ. ಕೆಲಸ ಕೊಡುವವರೂ ಪಾಪಕ್ಕೆ ಶಿಕ್ಷೆ ವಿಧಿಸುವವರೂ ಒಂದೇ ಆದಾಗ ಮನುಷ್ಯ ಎಷ್ಟು ಬಾಗಬೇಕಾಗುತ್ತದೆ ಎಂದು ಯಾರಾದರೂ ಊಹಿಸಬಹುದು. ಜಾತಿಯೂ ಹೊರಗೆ ಕಳಚಿಟ್ಟ ಚಪ್ಪಲಿಯ ಹಾಗೆ ಹೊಸ್ತಿಲಲ್ಲೇ ಉಳಿಯಲಿಲ್ಲ. ಇವತ್ತಿಗೂ ಸಂಬಂಧ ನೋಡುವಾಗ "ಅವರ ಮೂಲ ಯಾವುದು?" ಎಂಬ ಪಿಸುಮಾತು ನಮ್ಮ ಮನೆಗಳಲ್ಲಿ ಕೇಳಿಸುತ್ತದೆ. ಪಪ್ಪನ ದೂರುಗಳು ಸುಳ್ಳಲ್ಲ. ಒಂಬತ್ತು ವರ್ಷದಲ್ಲಿ ಸಭೆಯ ಕಡೆಯಿಂದ ಅವರನ್ನು ಕರೆಯಲು ಬಂದವರು ಬೆರಳೆಣಿಕೆಯಷ್ಟು ಜನ.

ಕ್ರಿಸ್ಮಸ್ಸಿಗೆ ಮಾತ್ರ ತಪ್ಪದೆ ಬರುತ್ತಿದ್ದರು. ಡಿಸೆಂಬರಿನಲ್ಲಿ ಕಾಯರಿನವರು ಹಾಡುತ್ತಾ ಸದಸ್ಯರ ಮನೆಮನೆಗೆ ಹೋಗುವ ಪದ್ಧತಿ. ಪಟ್ಟಿಯಲ್ಲಿ ಹೆಸರಿದ್ದ ಕಾರಣ ನಮ್ಮ ಮನೆಗೂ ಬರುತ್ತಿದ್ದರು. ಜೀಪಿನ ಸದ್ದು ಕೇಳಿದ ಕೂಡಲೇ ಪಪ್ಪ ಎದ್ದು ಒಳಕೋಣೆಗೆ ಹೋಗುತ್ತಿದ್ದರು. ಅಮ್ಮ ಬಾಗಿಲು ತೆರೆದು, ಕಾಣಿಕೆ ಕೊಟ್ಟು, ಕಲ್ಕಲ್ ಮತ್ತು ಚಾ ಕೊಡುತ್ತಿದ್ದಳು. ಒಂದು ವರ್ಷ ನಾನೂ ಮನೆಯಲ್ಲಿದ್ದೆ. ಅಂಗಳದಲ್ಲಿ ಹುಡುಗರು ಹಾಡುತ್ತಿದ್ದರು. ಬೇಸಿಗೆ ಇದ್ದದ್ದು ಒಬ್ಬನೇ ಹುಡುಗ, ಅವನೂ ಅಳುಕಿ ಹಾಡುತ್ತಿದ್ದ. ಲೈಟು ಆರಿಸಿದ ಒಳಕೋಣೆಯಿಂದ ಪಪ್ಪನ ದನಿ ಮೆಲ್ಲನೆ ಶುರುವಾಯಿತು. ಅದೇ ನಿಂತು ನಿಂತು ಇಳಿಯುವ ದನಿ. ಅಂಗಳದ ಹಾಡಿನ ಅಡಿಗೆ ಅದು ಹೋಗಿ ಕೂತಾಗ, ವರ್ಷಗಟ್ಟಲೆ ನಾನು ನಗುತ್ತಿದ್ದದ್ದು ಯಾವ ಕೀರ್ತನೆ ಎಂದು ಆವತ್ತು ಗೊತ್ತಾಯಿತು.

2020 ಬಂತು. ಎಲ್ಲ ದೇವಾಲಯಗಳ ಬಾಗಿಲೂ ಮುಚ್ಚಿದವು, ಆರಾಧನೆ ಯೂಟ್ಯೂಬಿಗೆ ಬಂತು. "ನೋಡು, ಈಗ ಎಲ್ಲರೂ ನನ್ನ ಹಾಗೆ ಆದ್ರು" ಎಂದು ಪಪ್ಪ ನಕ್ಕರು. ಅಮ್ಮ ಭಾನುವಾರ ಸೀರೆ ಉಟ್ಟು, ಸಕ್ಕರೆ ಡಬ್ಬಕ್ಕೆ ಫೋನು ಆನಿಸಿ ಇಟ್ಟು, ಎದುರು ಕೂರುತ್ತಿದ್ದಳು. ಪ್ರಸಂಗ ನಮ್ಮ ಊರಿನ ಪಾಸ್ಟರರಿಗಿಂತ ಚೆನ್ನಾಗಿ ಮಾಡುವವರದ್ದು ಬೇಕಾದಷ್ಟು ಸಿಗುತ್ತಿತ್ತು, ಹಾಡೂ ಅಷ್ಟೆ. ಆದರೂ ಮೂರನೇ ತಿಂಗಳಿಗೆ ಅಮ್ಮ ಸೊರಗಿದಳು. "ಹಿಂದಿನ ಬೆಂಚಿನವರ ಕೆಮ್ಮು ಕೇಳದೆ ಎಂತ ಆರಾಧನೆ" ಎಂದಳು. ಅದೇ ಕಾಲದಲ್ಲಿ ಕಾಯರಿನ ಹಳೆಯ ಗೆಳೆಯರೊಬ್ಬರು ತೀರಿಕೊಂಡರು. ಶವಸಂಸ್ಕಾರಕ್ಕೆ ಇಪ್ಪತ್ತಕ್ಕಿಂತ ಹೆಚ್ಚು ಜನ ಸೇರುವಂತಿರಲಿಲ್ಲ, ಹಾಡಲು ಕಾಯರ್ ಇರಲಿಲ್ಲ. ಆಂಬುಲೆನ್ಸ್ ನಮ್ಮ ರಸ್ತೆಯಲ್ಲೇ ಹೋಯಿತು. ಪಪ್ಪ ಗೇಟಿನ ಹತ್ತಿರ ತಲೆಯ ಟೊಪ್ಪಿ ತೆಗೆದು ನಿಂತಿದ್ದರು. ಒಳಗೆ ಬಂದವರು ಆ ದಿನ ಚರ್ಚಿನ ವಿಷಯಕ್ಕೆ ನಗಲಿಲ್ಲ.

ಸಂಡೇ ಸ್ಕೂಲಿನಲ್ಲಿ ನಮಗೆ ಬಾಯಿಪಾಠ ಮಾಡಿಸಿದ್ದರು: ಸಭೆಯ ಉದ್ದೇಶಗಳು ಯಾವುವು? ಆರಾಧನೆ, ಅನ್ಯೋನ್ಯತೆ, ಸೇವೆ, ಸಾಕ್ಷಿ. ಅಪೊಸ್ತಲರ ಕೃತ್ಯಗಳಲ್ಲಿ ಮೊದಲ ಕ್ರೈಸ್ತರು ಮಾಡುತ್ತಿದ್ದ ನಾಲ್ಕು ಕೆಲಸಗಳ ಪಟ್ಟಿ ಬರುತ್ತದೆ. ಬೋಧನೆ ಕೇಳುವುದು, ಅನ್ಯೋನ್ಯವಾಗಿರುವುದು, ರೊಟ್ಟಿ ಮುರಿಯುವುದು, ಪ್ರಾರ್ಥಿಸುವುದು. ಇದರಲ್ಲಿ ಒಬ್ಬರೇ ಕೂತು ಮಾಡಬಹುದಾದದ್ದು ಕೊನೆಯದೊಂದೇ. ಆ ಪ್ರಾರ್ಥನೆಯಾದರೂ, ಯೇಸು ಕಲಿಸಿದ್ದು 'ನನ್ನ' ಎಂದು ಶುರುವಾಗುವುದಿಲ್ಲ, 'ನಮ್ಮ' ಎಂದು ಶುರುವಾಗುತ್ತದೆ. ಪಪ್ಪ ಒಂಬತ್ತು ವರ್ಷ ಖಾಲಿ ಚಾವಡಿಯಲ್ಲಿ ಕೂತು ಗಟ್ಟಿಯಾಗಿ 'ನಮ್ಮ' ಎನ್ನುತ್ತಿದ್ದರು. ಆ 'ನಮ್ಮ'ದಲ್ಲಿ ಖಜಾಂಚಿಯೂ ಇದ್ದರು ಎಂಬುದು ಅವರಿಗೆ ಹೊಳೆಯದೆ ಇದ್ದಿರಲಾರದು.

ಲೋಕದ ಜನರನ್ನೆಲ್ಲ ಕ್ಷಮಿಸುವುದು ಕಷ್ಟವಲ್ಲ. ಹಾಸ್ಟೆಲಿನ ಕೋಣೆಯಲ್ಲಿ ಕೂತು ನಾನು ಎಷ್ಟೋ ಸಲ ಮನುಕುಲವನ್ನೇ ಪ್ರೀತಿಸಿದ್ದೇನೆ. ಮುಂದಿನ ಬೆಂಚಿನಲ್ಲಿ ಕೂತ, ನಿಮ್ಮನ್ನು ಎಲ್ಲರೆದುರು ಅವಮಾನ ಮಾಡಿದ, ಹಾಡುವಾಗ ಅಪಸ್ವರ ಎಳೆಯುವ ಆ ಒಬ್ಬ ಮನುಷ್ಯನನ್ನು ಸಹಿಸುವುದು ಕಷ್ಟ. ಕಾಣಿಕೆ ತಂದವನಿಗೆ ಸಹೋದರನ ಜೊತೆ ವೈಮನಸ್ಸು ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿ ಮಾಡಿಕೊಳ್ಳಬೇಕೆಂದು ಯೇಸು ಹೇಳಿದ್ದು ಇದಕ್ಕೇ ಇರಬೇಕು. ಪೌಲನ ಪತ್ರ ಪಡೆದ ಕೊರಿಂಥದವರೂ ಸಂತರೇನಲ್ಲ. ಗುಂಪುಗಾರಿಕೆ ಇತ್ತು, ಒಬ್ಬರ ಮೇಲೊಬ್ಬರು ಕೋರ್ಟಿಗೆ ಹೋಗುತ್ತಿದ್ದರು, ಕರ್ತನ ಭೋಜನಕ್ಕೆ ಸೇರಿದಾಗಲೂ ಉಳ್ಳವರು ತಿಂದು ಇಲ್ಲದವರು ಹಸಿದಿರುತ್ತಿದ್ದರು. ಅಂಥವರಿಗೇ ಅವನು, ನೀವೆಲ್ಲ ಒಂದೇ ದೇಹದ ಅಂಗಗಳು ಎಂದು ಬರೆದ. ಸ್ನೇಹಿತರನ್ನು ನಾವು ಆರಿಸಿಕೊಳ್ಳುತ್ತೇವೆ, ಬೇಡವಾದರೆ ಬಿಡುತ್ತೇವೆ. ಸಭೆಯಲ್ಲಿ ಇರುವವರನ್ನು ನಾವು ಆರಿಸಿಲ್ಲ, ಅವರು ನಮ್ಮನ್ನು ಆರಿಸಿಲ್ಲ. ಸಭೆ ಏಕೆ ಬೇಕು ಎಂದು ಇವತ್ತು ನನ್ನನ್ನು ಕೇಳಿದರೆ ಇದನ್ನೇ ಹೇಳುತ್ತೇನೆ: ನಾವು ಆರಿಸದವರ ಜೊತೆ ಇರುವುದನ್ನು ಕಲಿಯಲು. ಪಪ್ಪ ಮನೆಯಲ್ಲಿ ಪ್ರೀತಿಯಿಂದ ದೂರ ಇರಲಿಲ್ಲ, ಆದರೆ ಅವರ ಪ್ರೀತಿಗೆ ಆ ಕಷ್ಟದ ಲೆಕ್ಕ ಯಾರೂ ಕೊಡುತ್ತಿರಲಿಲ್ಲ.

ನಾನು ಇದನ್ನು ಪುಸ್ತಕ ಓದಿ ಕಲಿತೆ ಎಂದರೆ ಸುಳ್ಳಾದೀತು. 2023ರ ಮಳೆಗಾಲದಲ್ಲಿ ಪಪ್ಪನಿಗೆ ಮೇದೋಜೀರಕದ ಕ್ಯಾನ್ಸರ್ ಎಂದು ಗೊತ್ತಾಯಿತು. ದೀಪಾವಳಿ ಕಳೆಯುವಷ್ಟರಲ್ಲಿ ಹಾಸಿಗೆ ಹಿಡಿದರು. ಹೊಸ ಪಾಸ್ಟರ್ ಮನೆಗೆ ಬಂದು, "ಕರ್ತನ ಭೋಜನ ತರಲಾ ಮಾಸ್ಟ್ರೇ?" ಎಂದು ಕೇಳಿದರು. ಪಪ್ಪ ತುಂಬಾ ಹೊತ್ತು ಸುಮ್ಮನಿದ್ದರು. ಒಂಬತ್ತು ವರ್ಷ ಅದನ್ನು ತೆಗೆದುಕೊಂಡಿರಲಿಲ್ಲ. ಚಾವಡಿಯಲ್ಲಿ ಎಲ್ಲವನ್ನೂ ತಾವೇ ಮಾಡಿಕೊಂಡಿದ್ದರು, ಅದೊಂದನ್ನು ಮಾತ್ರ ಮಾಡಿಕೊಂಡಿರಲಿಲ್ಲ. ಅದನ್ನು ಯಾರೂ ತಮಗೆ ತಾವೇ ಕೊಟ್ಟುಕೊಳ್ಳುವ ಕ್ರಮವಿಲ್ಲ. ಕೊನೆಗೆ "ತನ್ನಿ" ಎಂದರು.

ಮಾರನೆಯ ದಿನ ಪಾಸ್ಟರ್ ಇಬ್ಬರು ಹಿರಿಯರನ್ನು ಜೊತೆಗೆ ಕರೆದುಕೊಂಡು ಬಂದರು. ಅವರಲ್ಲಿ ಒಬ್ಬರು ಆ ಖಜಾಂಚಿ. ಬೇಕೆಂದೇ ಕರೆತಂದರೋ, ಅವರಾಗಿಯೇ ಬಂದರೋ, ನಾನು ಕೇಳಲಿಲ್ಲ. ಅವರಿಗೂ ವಯಸ್ಸಾಗಿತ್ತು, ಕೈಯಲ್ಲಿ ಕೋಲು. ಹಾಸಿಗೆಯ ಪಕ್ಕದ ಸ್ಟೂಲಿಗೆ ಅಮ್ಮ ಬಿಳಿ ಬಟ್ಟೆ ಹಾಸಿದಳು.

ದಕ್ಷಿಣ ಭಾರತ ಸಭೆಯ ಆರಾಧನಾ ಕ್ರಮದಲ್ಲಿ ರೊಟ್ಟಿ ಮುರಿಯುವ ಮೊದಲು ಒಬ್ಬರಿಂದೊಬ್ಬರಿಗೆ ಸಮಾಧಾನ ದಾಟಿಸುವುದು ಎಂದು ಉಂಟು. ಕೊಡುವವರ ಬಲ ಅಂಗೈ ತೆಗೆದುಕೊಳ್ಳುವವರ ಬಲ ಅಂಗೈಗೆ ತಾಗಬೇಕು, ಇಬ್ಬರೂ ಎಡಗೈಯಿಂದ ಎದುರಿನವರ ಬಲಗೈ ಮುಚ್ಚಬೇಕು. ಪಾಸ್ಟರ್ ಹಿರಿಯರಿಗೆ ಕೊಟ್ಟರು. ಕೋಣೆ ಚಿಕ್ಕದು. ಪಪ್ಪನ ಹತ್ತಿರ ನಿಂತಿದ್ದವರು ಖಜಾಂಚಿಯೇ. ಅವರು ಕೋಲನ್ನು ಗೋಡೆಗೆ ಆನಿಸಿ, ಬಗ್ಗಿ, ಪಪ್ಪನ ಒಣಗಿದ ಕೈಯನ್ನು ಎರಡೂ ಕೈಯಲ್ಲಿ ಹಿಡಿದರು. ಪಪ್ಪನ ಎಡಗೈಗೆ ಡ್ರಿಪ್ಪಿನ ಸೂಜಿ ಇತ್ತು. ಅದನ್ನೂ ನಿಧಾನಕ್ಕೆ ಎತ್ತಿ ಮೇಲಿಟ್ಟರು. ಯಾರೂ ಕ್ಷಮೆ ಕೇಳಲಿಲ್ಲ. ಭೋಜನ ಮುಗಿಯಿತು.

ಅಮ್ಮ ಚಾ ತರಲು ಒಳಗೆ ಹೋದಾಗ ಪಪ್ಪ ಕ್ಷೀಣ ದನಿಯಲ್ಲಿ ಕೇಳಿದರು. "ಮಾಡು ಸೋರುವುದು ನಿಂತಿತಾ?"

"ಎಲ್ಲಿ ನಿಲ್ತದೆ ಮಾಸ್ಟ್ರೇ" ಎಂದರು ಖಜಾಂಚಿ. "ವೇದಿಕೆಯ ಬಲಗಡೆ ಈಗಲೂ ಬಕೆಟ್ ಇಡ್ತೇವೆ."

"ನಾನು ಹೇಳಿದ್ದೆ."

"ಹೇಳಿದ್ರಿ."

ಇಬ್ಬರೂ ನಕ್ಕರು. ಪಪ್ಪನಿಗೆ ನಗು ಕೆಮ್ಮಾಯಿತು. ಖಜಾಂಚಿ ಲೋಟ ಎತ್ತಿ ನೀರು ಕುಡಿಸಿದರು.

ಜನವರಿಯಲ್ಲಿ ಪಪ್ಪ ಹೋದರು. ಪುಸ್ತಕ ತೆರೆದು ಯಾರೂ ಬಾಕಿ ಓದಲಿಲ್ಲ, ಬಾಕಿ ಇರಲಿಲ್ಲ. ಸಭೆಯ ಹುಡುಗರು ಬೆಳಿಗ್ಗೆ ಏಳಕ್ಕೇ ಹಾರೆ ಹಿಡಿದು ಸಮಾಧಿ ಭೂಮಿಗೆ ಹೋಗಿದ್ದರು. ಅಲ್ಲಿ ಮುರಕಲ್ಲು ಮೇಲೆಯೇ ಸಿಗುತ್ತದೆ, ತೋಡುವುದು ಸುಲಭವಲ್ಲ. ಒಂಬತ್ತು ವರ್ಷ ಮಾತಾಡಿಸದವರು ಮಣ್ಣು ಹಾಕಲು ಸಾಲಿನಲ್ಲಿ ನಿಂತರು. ಅದನ್ನು ಕಪಟ ಎನ್ನಲು ನನ್ನ ಬಳಿ ಮಾತಿತ್ತು, ಆದರೆ ಅವರ ಬೆವರು ನಿಜವಾಗಿತ್ತು. ಕಾಯರ್ ಹಾಡಿತು. ಬೇಸಿನ ಆ ಅಳುಕಿನ ಹುಡುಗ ಈಗ ಗಟ್ಟಿಯಾಗಿ ಹಾಡುತ್ತಿದ್ದ.

ಆ ರಶೀದಿಗಳ ದಿನ ಸಂಜೆ ನಾನು ಅಮ್ಮನನ್ನು ಮತ್ತೆ ಕೇಳಿದೆ. "ಪಪ್ಪನಿಗೆ ಗೊತ್ತಿತ್ತಾ?"

"ನಾನು ಹೇಳ್ಲಿಲ್ಲ" ಎಂದಳು. ಸ್ವಲ್ಪ ತಡೆದು, "ದುಡ್ಡು ಅವರ ಅಂಗಿ ಕಿಸೆಯಿಂದಲೇ ತೆಗೀತಿದ್ದೆ. ತಿಂಗಳ ಮೊದಲ ಶನಿವಾರ ರಾತ್ರಿ. ಒಂದು ವರ್ಷ ಆದ ಮೇಲೆ ನೋಡಿದೆ, ಆ ದಿನ ಕಿಸೆಯಲ್ಲಿ ಬೇರೆ ಎಂತ ಇಲ್ಲದಿದ್ರೂ ಅಷ್ಟು ಚಿಲ್ಲರೆ ಇರ್ತಿತ್ತು. ವಂತಿಗೆ 50 ಆದ ತಿಂಗಳು 50ರ ನೋಟು ಇತ್ತು" ಎಂದಳು.

ವಂತಿಗೆ ಏರಿದ ಸುದ್ದಿ ಆರಾಧನೆಯ ಕೊನೆಯ ಪ್ರಕಟಣೆಯಲ್ಲಿ ಓದುವಂಥದ್ದು. ಚರ್ಚಿಗೆ ಹೋಗದವರಿಗೆ ಅದು ಹೇಗೆ ತಿಳಿಯಿತು ಎಂದು ನಾನೂ ಕೇಳಲಿಲ್ಲ, ಅಮ್ಮನೂ ಹೇಳಲಿಲ್ಲ. ಪ್ರತಿ ಭಾನುವಾರ ಊಟದ ಹೊತ್ತಿಗೆ ಅವಳು ಚರ್ಚಿನ ಸುದ್ದಿಯನ್ನೆಲ್ಲ ಗೋಡೆಗೆ ಹೇಳುವ ಹಾಗೆ ಹೇಳುತ್ತಿದ್ದದ್ದು, ಪಪ್ಪ ಪೇಪರಿನಿಂದ ತಲೆ ಎತ್ತದೆ ಕೂತಿರುತ್ತಿದ್ದದ್ದು ನೆನಪಾಯಿತು.

ಡಬ್ಬದ ತಳದಲ್ಲಿ ಇನ್ನೊಂದು ಚಿಕ್ಕ ಕಟ್ಟಿತ್ತು. ಅದರಲ್ಲಿದ್ದದ್ದು ನನ್ನ ಹೆಸರು.

ಹಾಸ್ಟೆಲಿಗೆ ಹಿಂದಿರುಗುವ ಮೊದಲಿನ ಭಾನುವಾರ ಅಮ್ಮನ ಜೊತೆ ಹೋದೆ. ಹಿಂದಿನ ಬೆಂಚಿನಿಂದ ಕೆಮ್ಮು ಕೇಳಿತು. ಮಳೆಗಾಲ ಅಲ್ಲದಿದ್ದರೂ ವೇದಿಕೆಯ ಬಲಗಡೆ ನೀಲಿ ಬಕೆಟ್ ಇತ್ತು. ಆರಾಧನೆ ಮುಗಿದದ್ದೇ ಒಬ್ಬ ಆಂಟಿ ಕೈಹಿಡಿದು, "ಓದುವುದು ಯಾವಾಗ ಮುಗಿಯೂದು? ಮದುವೆ ಯಾವಾಗ?" ಎಂದು ಕೇಳಿದರು. ಸಿಟ್ಟು ಬಂತು. ಅದೇ ಆಂಟಿ ಸಾವಿನ ದಿನ ನಮ್ಮ ಅಡುಗೆಮನೆಯಲ್ಲಿ ನೂರು ಜನಕ್ಕೆ ಗಂಜಿ ಬೇಯಿಸಿದವರು. ಎರಡೂ ಒಬ್ಬರೇ ಎಂಬುದನ್ನು ಒಪ್ಪಿಕೊಳ್ಳಲು ನನಗೆ ಇನ್ನೂ ಅಭ್ಯಾಸ ಬೇಕು. ನನ್ನ ಅನುಮಾನಗಳೆಲ್ಲ ಮುಗಿದಿಲ್ಲ, ಪ್ರಾರ್ಥಿಸುವಾಗ ಎಷ್ಟೋ ಸಲ ನಾನು ಯಾರಿಗೆ ಹೇಳುತ್ತಿದ್ದೇನೆಂದು ತಡವರಿಸುತ್ತೇನೆ. ಆದರೆ ಆ ದಿನ 'ನಮ್ಮ' ಎನ್ನುವಾಗ ತಡವರಿಸಲಿಲ್ಲ.

ಬಸ್ಸಿಗೆ ಹೊರಡುವಾಗ ಅಮ್ಮನಿಗೆ ಹೇಳಿದೆ. "ಇನ್ನು ನನ್ನ ವಂತಿಗೆ ನಾನೇ ಕೊಡ್ತೇನೆ. ಫೆಲೋಶಿಪ್ ಬರ್ತದಲ್ಲ. ಖಜಾಂಚಿಯವರ ನಂಬರ್ ಕೊಡು, ಪ್ರತಿ ತಿಂಗಳು ಗೂಗಲ್ ಪೇ ಮಾಡ್ತೇನೆ."

ಅಮ್ಮ ಚೀಲಕ್ಕೆ ಉಪ್ಪಿನಕಾಯಿ ಬಾಟಲಿ ತುರುಕುತ್ತಿದ್ದಳು.

"ಅದೆಲ್ಲ ಬೇಡ" ಎಂದಳು. "ಬಂದು ಕೊಡು."